ಸತ್ಯಾಂಶ: ‘ಟೈಟಲ್ ಒನ್’ ನೆರವು ಬಡ ಮಕ್ಕಳಿಗೆ ಮಾತ್ರವೇ?

ಅಮೆರಿಕದ ಕೇಂದ್ರ ಸರ್ಕಾರ ಶಾಲೆಗಳಿಗೆ ನೀಡುವ ‘ಟೈಟಲ್ ಒನ್’ ಎಂಬ ಹಣಕಾಸಿನ ನೆರವಿನ ಬಗ್ಗೆ, ‘ಟೈಟಲ್ ಒನ್ ಹಣವಿರುವುದು ಬಡ ಮಕ್ಕಳಿಗೆ ಮಾತ್ರ, ನಿಮ್ಮ ಸಂಬಳ ಚೆನ್ನಾಗಿದ್ದರೆ ಮಗುವಿಗೆ ಓದಿನ ನೆರವು ಸಿಗದು’ ಎಂಬಂಥ ಸಂದೇಶ ಅಲ್ಲಿನ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಪೋಷಕರ ನಡುವೆ ಹರಿದಾಡುತ್ತದೆ. ಶಾಲೆಗೆ ಹಣ ಹಂಚುವ ಹಂತವನ್ನೂ ಶಾಲೆಯೊಳಗೆ ಮಕ್ಕಳನ್ನು ಆರಿಸುವ ಹಂತವನ್ನೂ ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದ ತಪ್ಪು ಇದು.

1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಶಿಕ್ಷಣ ಕಾಯ್ದೆಯ ಮೊದಲ ಭಾಗವೇ ಟೈಟಲ್ ಒನ್. ಯಾವ ಶಾಲೆಗೆ ಹಣ ಎಂಬುದನ್ನು ನಿರ್ಧರಿಸುವಾಗ ಅಲ್ಲಿನ ಬಡ ಮಕ್ಕಳ ಪ್ರಮಾಣವನ್ನು ನೋಡುವುದು ನಿಜ. ಆದರೆ ಹಣ ಶಾಲೆಗೆ ಬಂದ ಮೇಲೆ ಅಳತೆಗೋಲು ಬದಲಾಗುತ್ತದೆ. ಆಯ್ದ ಮಕ್ಕಳಿಗಷ್ಟೇ ನೆರವು ನೀಡುವ ಶಾಲೆಗಳಲ್ಲಿ, ರಾಜ್ಯ ನಿಗದಿಪಡಿಸಿದ ಕಲಿಕಾ ಮಟ್ಟವನ್ನು ತಲುಪಲು ಕಷ್ಟಪಡುತ್ತಿರುವ ಮಕ್ಕಳನ್ನು ಗುರುತಿಸುತ್ತಾರೆ. ಮೂರನೇ ತರಗತಿಯಲ್ಲಿ ತಡವರಿಸಿ ಓದುವ ಸಾಫ್ಟ್‌ವೇರ್ ಎಂಜಿನಿಯರರ ಮಗಳೂ ಓದು ಕಲಿಸುವ ಶಿಕ್ಷಕಿಯ ಸಣ್ಣ ಗುಂಪಿನಲ್ಲಿ ಕೂರಬಹುದು. ಬಡ ಮಕ್ಕಳ ಪ್ರಮಾಣ ಸಾಮಾನ್ಯವಾಗಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವ ಶಾಲೆ, ಕೊರತೆಗಳನ್ನು ಪರಿಶೀಲಿಸಿ ಲಿಖಿತ ಯೋಜನೆ ರೂಪಿಸಿದರೆ, ಇಡೀ ಶಾಲೆಯ ಸುಧಾರಣೆಗೇ ಆ ಹಣವನ್ನು ಬಳಸಬಹುದು. ಅಲ್ಲಿ ಮಕ್ಕಳನ್ನು ಪ್ರತ್ಯೇಕಿಸುವ ಅಗತ್ಯವೇ ಇಲ್ಲವಾದರೂ ಹಿಂದುಳಿದವರ ಕಡೆಗೆ ವಿಶೇಷ ಗಮನ ಕಡ್ಡಾಯ.

ಈ ಹಣ ರಾಜ್ಯ ಮತ್ತು ಸ್ಥಳೀಯ ಅನುದಾನಕ್ಕೆ ಪೂರಕವೇ ಹೊರತು ಬದಲಿಯಲ್ಲ. ‘ಟೈಟಲ್ ಒನ್’ ಎಂಬುದು ಕಳಪೆ ಶಾಲೆಯ ಹಣೆಪಟ್ಟಿಯೂ ಅಲ್ಲ. ಇಂಥ ಶಾಲೆಗಳು ವರ್ಷಕ್ಕೊಮ್ಮೆ ಪೋಷಕರ ಸಭೆ ಕರೆದು ಕಾರ್ಯಕ್ರಮವನ್ನು ವಿವರಿಸಲೇಬೇಕು. ಮಗುವಿನ ಆಯ್ಕೆಯ ಬಗ್ಗೆ ಅನುಮಾನವಿದ್ದವರು ಅಲ್ಲಿಯೇ ಕೇಳಬಹುದು.