ಸ್ಪಷ್ಟನೆ: ಆ ವಿಡಿಯೋದಲ್ಲಿ ಇರುವುದು ಹತ್ತಿ ಬ್ಯಾಟರಿ ಅಲ್ಲ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ಸೂಜಿಯಿಂದ ಬಿಳಿ ಎಳೆ ಹೊರಟು ತಿರುಗುವ ಉರುಳೆಗೆ ಸುತ್ತಿಕೊಳ್ಳುತ್ತದೆ. ಕೆಳಗೆ ‘ಹಾವೇರಿ ಹತ್ತಿಯಿಂದ ಬ್ಯಾಟರಿ, ಬೆಂಕಿ ಹತ್ತುವುದೇ ಇಲ್ಲ’ ಎಂಬ ಸಾಲು. ಎರಡೂ ಮಾತು ತಪ್ಪು.

ಇದು ಎಲೆಕ್ಟ್ರೋಸ್ಪಿನ್ನಿಂಗ್, ಅಂದರೆ ವಿದ್ಯುತ್ ಸೆಳೆತದಿಂದ ನಾರು ನೂಲುವ ವಿಧಾನ. ಸಿರಿಂಜಿನಲ್ಲಿ ಸಾಮಾನ್ಯವಾಗಿ ಇರುವುದು ಕರಗಿಸಿದ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು). ಉದಾಹರಣೆಗೆ ಪಿಎಎನ್, ಅಂದರೆ ಸ್ವೆಟರಿನ ಅಕ್ರಿಲಿಕ್ ನೂಲಿನ ಮೂಲವಸ್ತು. ಸೂಜಿಗೆ 10ರಿಂದ 30 ಸಾವಿರ ವೋಲ್ಟ್ ಕೊಟ್ಟಾಗ ತುದಿಯ ಹನಿ ಚೂಪಾಗಿ, ಎಳೆಯಾಗಿ ಚಿಮ್ಮುತ್ತದೆ. ದಾರಿಯಲ್ಲೇ ದ್ರಾವಕ ಆರಿ, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ನಾರು ಉಳಿಯುತ್ತದೆ. ಹತ್ತಿಯ ಸೆಲ್ಯುಲೋಸನ್ನೂ ಹೀಗೆ ನೂಲಬಹುದು, ನಿಜ. ಆದರೆ ಮೊದಲು ಅದನ್ನು ರಾಸಾಯನಿಕ ಹಾಕಿ ಕರಗಿಸಬೇಕು. ಅರಳೆಯನ್ನು ಸುಮ್ನೆ ತುಂಬಿದರೆ ಆಗಲ್ಲ.

ಇನ್ನು ಬೆಂಕಿ. ಉರುಳೆಯ ಮೇಲೆ ನಾರು ಪದರವಾಗಿ ಕೂತು ಹಾಳೆಯಾಗುತ್ತದೆ. ಈ ಹಾಳೆ ಕರೆಂಟ್ ಕೂಡಿಡುವುದಿಲ್ಲ. ಬ್ಯಾಟರಿಯೊಳಗಿನ ಎರಡು ಎಲೆಕ್ಟ್ರೋಡ್‌ಗಳು (ಪ್ಲಸ್, ಮೈನಸ್ ಬದಿಗಳು) ಒಂದಕ್ಕೊಂದು ತಾಗದಂತೆ ನಡುವೆ ಇಡುವ ಸೆಪರೇಟರ್ ಇದು. ಈಗ ಬಳಕೆಯಲ್ಲಿರುವ ಪಾಲಿಥಿಲೀನ್ ಸೆಪರೇಟರ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಾಗಾದರೆ ಎಲೆಕ್ಟ್ರೋಡ್‌ಗಳು ತಾಗಿ ಬೆಂಕಿ ಹತ್ತಬಹುದು. ಪಿಎಎನ್ ನಾರು ಅದಕ್ಕಿಂತ ಜಾಸ್ತಿ ಬಿಸಿ ತಡೆಯುತ್ತದೆ. ರಂಧ್ರಗಳೂ ಹೆಚ್ಚು, ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಸಲೀಸಾಗಿ ದಾಟುತ್ತವೆ. ಆದರೆ ಲಿಥಿಯಂ ಬ್ಯಾಟರಿಯೊಳಗೆ ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೋಲೈಟ್ ದ್ರವ ಹೊತ್ತಿಕೊಳ್ಳುವಂಥದ್ದೇ ಅಲ್ವಾ? ಅಪಾಯ ತಗ್ಗಬಹುದು, ಪೂರ್ತಿ ಹೋಗಲ್ಲ.

ಅದೇ ಪಿಎಎನ್ ಹಾಳೆಯನ್ನು ಹದ ಮಾಡಿ, ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1000 ಡಿಗ್ರಿ ಆಸುಪಾಸು ಕಾಯಿಸಿದರೆ ಇಂಗಾಲದ ನಾರಾಗಿ ಎಲೆಕ್ಟ್ರೋಡಿಗೂ ಬರುತ್ತದೆ. ಹೈಡ್ರೋಜನ್‌ನಂಥ ಇಂಧನದಿಂದ ನೇರವಾಗಿ ಕರೆಂಟ್ ಮಾಡುವ ಫ್ಯೂಯೆಲ್ ಸೆಲ್‌ಗೂ ಇಂಥ ನಾರುಗಳ ಪ್ರಯೋಗ ನಡೆದಿದೆ.

ಒಂದು ಸೂಜಿಯಿಂದ ಗಂಟೆಗೆ ಒಂದು ಗ್ರಾಂ ನಾರು ಸಿಗುವುದೂ ಕಷ್ಟ. ಹಾಗಾಗಿ ‘ಬ್ಯಾಟರಿ ಹತ್ತಿ’ಗೆ ಎಪಿಎಂಸಿಯಲ್ಲಿ ದರ ಏರುತ್ತೆ ಅಂತ ಮಾಲು ಹಿಡಿದಿಟ್ಟು ಕೂರಬೇಡಿ.