ನೋತೋ ಕಡೆಯ ನಕ್ಷತ್ರ

ಪ್ರತಿ ಭಾನುವಾರ ಆ ವಾರ ನೋಡಿದ ಅನಿಮೆಗಳ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಗಳ ಬಗ್ಗೆ ಇಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಈ ಸಲ ನಾಲ್ಕು ಸಾಲಿಗೆ ಮುಗಿಯುವುದಿಲ್ಲ. ಬಿಡುವು ಮಾಡಿಕೊಂಡು ಓದಿ.

ಮೊನ್ನೆ ಶುಕ್ರವಾರ, 2023ರ ಮೇ 5, ಬೆಳಿಗ್ಗೆ ಹನ್ನೊಂದು ಗಂಟೆ ದಾಟಿತ್ತು. ಜಪಾನಿನಲ್ಲಿ ಆಗ ಮಧ್ಯಾಹ್ನ 2.42. ಇಶಿಕಾವಾ ಪ್ರಾಂತ್ಯದ ನೋತೋ ಪರ್ಯಾಯ ದ್ವೀಪದಲ್ಲಿ ಭೂಕಂಪ, ತೀವ್ರತೆ 6.5, ಜಾಸ್ತಿ ಪೆಟ್ಟು ಬಿದ್ದದ್ದು ಸುಜು ಎಂಬ ಊರಿಗೆ ಅಂತ ಫೋನಿನಲ್ಲಿ ಸುದ್ದಿ ಬಂತು. ಆಫೀಸಿನಲ್ಲಿ ನನ್ನ ಪಕ್ಕ ಕೂತವರಿಗೆ ಸುಜು ಎಲ್ಲಿದೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎದೆ ಧಸಕ್ಕೆಂದಿತು. ಒಂದು ತಿಂಗಳ ಹಿಂದೆ ಕೇಳಿದ್ದರೆ ನನಗೂ ಗೊತ್ತಿರುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಶುರುವಾದ ಈ ಅನಿಮೆ ಸೀಸನ್ನಿನಲ್ಲಿ ನಾನು ವಾರವಾರ ನೋಡುತ್ತಿರುವ ಎರಡು ಅತ್ಯಂತ ಮೆದುವಾದ ಕಥೆಗಳು ಇದೇ ನೋತೋದಿಂದ ಬಂದಿವೆ. ಒಂದು 'ಸ್ಕಿಪ್ ಅಂಡ್ ಲೋಫರ್'. ಇನ್ನೊಂದು 'ಇನ್‌ಸೋಮ್ನಿಯಾಕ್ಸ್ ಆಫ್ಟರ್ ಸ್ಕೂಲ್'. ಒಂದರಲ್ಲಿ ಹುಡುಗಿ ನೋತೋ ಬಿಟ್ಟು ಟೋಕಿಯೋಗೆ ಹೋಗುತ್ತಾಳೆ. ಇನ್ನೊಂದರಲ್ಲಿ ಇಬ್ಬರು ಮಕ್ಕಳು ಅಲ್ಲೇ ಇದ್ದು ರಾತ್ರಿಯೆಲ್ಲ ಎಚ್ಚರವಾಗಿರುತ್ತಾರೆ. ಬೇರೆ ಬೇರೆ ಲೇಖಕರು, ಬೇರೆ ಬೇರೆ ಸ್ಟುಡಿಯೋಗಳು. ಆದರೂ ಒಂದೇ ವಾರದಲ್ಲಿ ಎರಡನ್ನೂ ನೋಡುವಾಗ ಒಂದೇ ಊರಿನ ಎರಡು ಮನೆಗೆ ಹೋಗಿ ಬಂದ ಹಾಗೆ ಅನಿಸುತ್ತದೆ.

ಮೊದಲು 'ಸ್ಕಿಪ್ ಅಂಡ್ ಲೋಫರ್'. ಮೂಲ ಮಿಸಾಕಿ ತಕಮತ್ಸು ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕ. ಕೊತೊಮಿ ದೇಆಯಿ ನಿರ್ದೇಶಕಿ. ಸ್ಟುಡಿಯೋ ಪಿ.ಎ. ವರ್ಕ್ಸ್. ನಾಯಕಿ ಮಿತ್ಸುಮಿ ಇವಾಕುರಾ ನೋತೋದ ತುದಿಯ ಒಂದು ಚಿಕ್ಕ ಸಮುದ್ರದೂರಿನವಳು. ಕಥೆಯಲ್ಲಿ ಊರಿಗೆ ಬೇರೆ ಹೆಸರಿದೆ, ಮಾದರಿ ಮಾತ್ರ ಸುಜು. ಅವಳಿಗೆ ದೊಡ್ಡ ಲೆಕ್ಕಾಚಾರವಿದೆ. ಟೋಕಿಯೋದ ಒಳ್ಳೇ ಹೈಸ್ಕೂಲು, ಆಮೇಲೆ ಅಲ್ಲಿನ ದೊಡ್ಡ ಯೂನಿವರ್ಸಿಟಿ, ಆಮೇಲೆ ಸರ್ಕಾರಿ ಅಧಿಕಾರಿ. ಜನ ಖಾಲಿಯಾಗುತ್ತಿರುವ ತನ್ನೂರಿಗೆ ಏನಾದರೂ ಮಾಡಬೇಕು. ಇಷ್ಟೆಲ್ಲ ಯೋಚಿಸಿಟ್ಟವಳು ಸ್ಕೂಲಿನ ಮೊದಲ ದಿನವೇ ಟೋಕಿಯೋ ರೈಲುಗಳ ನಡುವೆ ದಾರಿ ತಪ್ಪಿಸಿಕೊಳ್ಳುತ್ತಾಳೆ. ಹೊಸ ವಿದ್ಯಾರ್ಥಿಗಳ ಪರವಾಗಿ ಭಾಷಣ ಮಾಡಬೇಕಾದವಳು ಅವಳೇ. ದಾರಿಯಲ್ಲಿ ಸಿಕ್ಕ ಶಿಮಾ ಎಂಬ ಹುಡುಗ ಜೊತೆಗೆ ಓಡುತ್ತಾನೆ. ಹೇಗೋ ಮುಟ್ಟುತ್ತಾಳೆ, ಭಾಷಣವನ್ನೂ ಚೆನ್ನಾಗಿಯೇ ಮುಗಿಸುತ್ತಾಳೆ. ಆಮೇಲೆ ಟೀಚರ್ ಮೈಮೇಲೆ ವಾಂತಿ ಮಾಡಿಕೊಳ್ಳುತ್ತಾಳೆ.

ಅವಳು ರೈಲಿನಲ್ಲಿ ಯಾಕೆ ಅಷ್ಟು ತಬ್ಬಿಬ್ಬಾದಳು ಅನ್ನೋದು ನನಗೆ ಆಮೇಲೆ ತಿಳಿಯಿತು. ಸುಜುವಿಗೆ ರೈಲೇ ಇಲ್ಲ. ಇದ್ದ ಒಂದು ಮಾರ್ಗವನ್ನು 2005ರಲ್ಲಿ ಮುಚ್ಚಿಬಿಟ್ಟರು. ಜಪಾನಿನ ಮುಖ್ಯ ದ್ವೀಪ ಹೊನ್ಶುವಿನಲ್ಲೇ ಅತಿ ಕಡಿಮೆ ಜನರಿರುವ ಸಿಟಿ ಅದು. ಹಾಗಾದರೆ ಆ ಹುಡುಗಿ ಹುಟ್ಟುವ ಹೊತ್ತಿಗೇ ಊರಿನ ರೈಲು ನಿಂತುಹೋಗಿರಬೇಕು. ಅನಿಮೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪ್ಲಾಟ್‌ಫಾರಂ ಮೇಲೆ ನಿಂತ ಅವಳ ಮುಖ ತೋರಿಸುತ್ತದೆ, ಅಷ್ಟೇ.

ನಮ್ಮ ಸಿದ್ದಾಪುರಕ್ಕೂ ರೈಲಿಲ್ಲ. ತಾಳಗುಪ್ಪಕ್ಕೆ ಹೋಗಿ ಹತ್ತಬೇಕು. ಕಾಲೇಜಿಗೆ ಅಂತ ಬೆಂಗಳೂರಿಗೆ ಬಂದ ಮೊದಲ ವಾರ ಮೆಜೆಸ್ಟಿಕ್ಕಿನಲ್ಲಿ ಒಂದು ಗಂಟೆ ಸುಮ್ಮನೆ ನಿಂತಿದ್ದೆ. ಬಸ್ಸಿನ ನಂಬರು ಕೇಳಲು ಬಾಯಿ ಬರಲಿಲ್ಲ. ಬಾಯಿ ತೆಗೆದರೆ 'ಎಂತ' ಅಂತ ಬಂದುಬಿಡುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ ಅನ್ನೋ ಭಯ. ಮಿತ್ಸುಮಿ ಊರಿನ ಗೆಳತಿ ಫುಮಿಗೆ ಫೋನ್ ಮಾಡಿದಾಗ ಮಾತು ತಾನಾಗಿ ನೋತೋ ಕಡೆಗೆ ವಾಲುತ್ತದೆ. ಸಬ್‌ಟೈಟಲ್ಲಿನಲ್ಲಿ ಅದು ಕಾಣುವುದಿಲ್ಲ. ಕಿವಿಗೆ ಮಾತ್ರ ಕೇಳುತ್ತದೆ. ದಯವಿಟ್ಟು ಇದನ್ನು ಡಬ್ಬಿಂಗಿನಲ್ಲಿ ನೋಡಬೇಡಿ. ಧ್ವನಿ ಕೊಟ್ಟಿರುವ ತೊಮೊಯೊ ಕುರೊಸಾವಾ ಆ ಹುಡುಗಿಯ ಉಸಿರು, ತಡವರಿಕೆ, ಧೈರ್ಯ ಎಲ್ಲವನ್ನೂ ಗಂಟಲಿನಲ್ಲೇ ಇಟ್ಟುಕೊಂಡಿದ್ದಾರೆ.

ಇದರಲ್ಲಿ ನನಗೆ ಅತಿ ಇಷ್ಟವಾದವರು ನಾವೋ ಎಂಬವರು. ಟೋಕಿಯೋದಲ್ಲಿ ಮಿತ್ಸುಮಿ ಇರುವುದು ಅವರ ಮನೆಯಲ್ಲಿ. ಗಂಡಾಗಿ ಹುಟ್ಟಿ ಈಗ ಹೆಣ್ಣಾಗಿ ಬದುಕುತ್ತಿರುವವರು, ಅಪ್ಪನ ಕಡೆಯವರು. ಕನ್ನಡದಲ್ಲಾದರೆ ಮೊದಲ ಮಾತಿಗೇ ಒಂದು ತೀರ್ಮಾನ ಮಾಡಬೇಕಾಗುತ್ತಿತ್ತು. ಚಿಕ್ಕಪ್ಪ ಅನ್ನಬೇಕೋ, ಅತ್ತೆ ಅನ್ನಬೇಕೋ? ಮಿತ್ಸುಮಿ 'ನಾವೋ-ಚಾನ್' ಅಂತ ಸಲಿಗೆಯಿಂದ ಕರೆದು ಪಕ್ಕದಲ್ಲಿ ಕೂತು ಊಟ ಮಾಡುತ್ತಾಳೆ. ಅವಳ ಮಟ್ಟಿಗೆ ಅಲ್ಲಿ ತೀರ್ಮಾನಿಸಬೇಕಾದ್ದೇ ಏನೂ ಇಲ್ಲ. ನನ್ನ ಬಾಯಲ್ಲಿ ಅವರು ಅತ್ತೆ. ರಾತ್ರಿ ಹೊತ್ತಾದರೂ ಅಣ್ಣನ ಮಗಳ ಚಿಂತೆ ಮಾಡುತ್ತಾ ಕಾಯುವವರು ಅತ್ತೆಯಲ್ಲದೆ ಇನ್ಯಾರು, ಅಲ್ವಾ?

ಇನ್ನೊಬ್ಬಳು ಮಿಕಾ ಎಗಾಶಿರಾ. ಮೊದಲ ಕಂತುಗಳಲ್ಲಿ ಇವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಶಿಮಾನ ಹತ್ತಿರ ಹೋಗಲು ಮಿತ್ಸುಮಿಯನ್ನು ಮೆಟ್ಟಿಲು ಮಾಡಿಕೊಳ್ಳುವ ಹುಡುಗಿ. ಬೇರೆ ಯಾವುದೇ ಸ್ಕೂಲ್ ಪ್ರೇಮಕಥೆಯಲ್ಲಿ ಇವಳು ಕೊನೆವರೆಗೂ ವಿಲನ್ ಆಗಿಯೇ ಉಳಿಯುತ್ತಿದ್ದಳು. ಇಲ್ಲಿ ಹಾಗಾಗಲಿಲ್ಲ. ಆಟದ ಸ್ಪರ್ಧೆಗೆ ಮುಂಚೆ ಮಿತ್ಸುಮಿ ಬಂದು ನನಗೆ ವಾಲಿಬಾಲ್ ಹೇಳಿಕೊಡು ಅಂತ ಇವಳನ್ನೇ ಕೇಳುತ್ತಾಳೆ. ಕಲಿಸುತ್ತಾ ಕಲಿಸುತ್ತಾ ಮಿಕಾಳ ಹಳೆಯ ದಿನಗಳು ಕಾಣಿಸುತ್ತವೆ. ಚಿಕ್ಕಂದಿನಲ್ಲಿ ದಪ್ಪಗಿದ್ದಳು, ಆಡಿಸಿಕೊಂಡಿದ್ದಳು, ಹಟ ಹಿಡಿದು ತನ್ನನ್ನು ತಾನು ಬದಲಿಸಿಕೊಂಡಳು. ಕಷ್ಟಪಟ್ಟು ಸಿಕ್ಕ ಜಾಗ ಎಲ್ಲಿ ಕೈತಪ್ಪುತ್ತದೋ ಅಂತ ಎಲ್ಲರನ್ನೂ ಅಳೆಯುತ್ತಾ ಕೂರುವವಳು. ಇಂಥವಳು ನನ್ನ ಕ್ಲಾಸಿನಲ್ಲೂ ಇದ್ದಳು. ಅವಳ ಬಗ್ಗೆ ನಾನು ಯೋಚಿಸಿದ್ದೆಲ್ಲ ತಪ್ಪಾಗಿತ್ತೇನೋ ಅಂತ ಆ ಕಂತು ಮುಗಿದ ಮೇಲೆ ಬಹಳ ಹೊತ್ತು ಅನಿಸಿತು.

ಪಿ.ಎ. ವರ್ಕ್ಸ್ ಬಗ್ಗೆ ಒಂದು ಮಾತು. ಇವರ ಮುಖ್ಯ ಸ್ಟುಡಿಯೋ ಇರುವುದು ಟೋಕಿಯೋದಲ್ಲಲ್ಲ. ಇಶಿಕಾವಾದ ಪಕ್ಕದ ತೊಯಾಮಾ ಪ್ರಾಂತ್ಯದ ನಾಂತೊ ಎಂಬ ಸಣ್ಣ ಊರಿನಲ್ಲಿ. 2011ರಲ್ಲಿ ಇವರೇ ಮಾಡಿದ 'ಹನಸಾಕು ಇರೋಹಾ' ನೋಡಿದವರಿಗೆ ಅದರ ರೈಲು ನಿಲ್ದಾಣ ನೆನಪಿರಬೇಕು. ಅದರ ಮಾದರಿ ನಾನಾವೊದ ನಿಶಿಗಿಶಿ ನಿಲ್ದಾಣ, ನೋತೋ ರೈಲ್ವೆಯದ್ದು. ನೋತೋ ಇವರಿಗೆ ಹಿತ್ತಲಿನ ಹಾಗೆ.

ನಾನಾವೊ ಅಂದೆನಲ್ಲ, ಎರಡನೇ ಕಥೆ ನಡೆಯುವುದೇ ಅಲ್ಲಿ. ಪರ್ಯಾಯ ದ್ವೀಪದ ಕುತ್ತಿಗೆಯ ಕಡೆಗಿರುವ ಕೊಲ್ಲಿಯ ಊರು. 'ಇನ್‌ಸೋಮ್ನಿಯಾಕ್ಸ್' ಮಕೊತೊ ಓಜಿರೊ ಅವರ ಮಾಂಗಾ, ಲೈಡನ್ ಫಿಲ್ಮ್ಸ್ ಅನಿಮೆ ಮಾಡಿದೆ. ಗಾಂತಾ ನಾಕಾಮಿ ಎಂಬ ಹುಡುಗನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅದರಿಂದ ಹಗಲೆಲ್ಲ ಸಿಡುಕು. ಸ್ಕೂಲಿನಲ್ಲಿ ಯಾರೂ ಬಳಸದ, ದೆವ್ವದ ಕಥೆ ಅಂಟಿಕೊಂಡ ಒಂದು ಹಳೆಯ ಖಗೋಳ ವೀಕ್ಷಣಾಲಯವಿದೆ. ಒಂದು ದಿನ ಅಲ್ಲಿಗೆ ಹೋದರೆ ಅವನದೇ ಕ್ಲಾಸಿನ ಇಸಾಕಿ ಮಾಗಾರಿ ಮಲಗಿರುತ್ತಾಳೆ. ಅವಳಿಗೂ ಅದೇ ಕಾಯಿಲೆ.

ನಿದ್ದೆ ಬಾರದವರಿಗೆ ಗೊತ್ತು, ಅದರಲ್ಲಿ ದೊಡ್ಡ ಕಷ್ಟ ಆಯಾಸವಲ್ಲ. ಊರೆಲ್ಲ ಮಲಗಿರುವಾಗ ನಾನೊಬ್ಬಳೇ ಎಚ್ಚರ ಅನ್ನೋದು. ಅಪ್ಪ ತೀರಿಕೊಂಡ ವರ್ಷ ನಾನು ಅದನ್ನು ಕಂಡಿದ್ದೇನೆ. ಎರಡು ಗಂಟೆ, ಮೂರು ಗಂಟೆ, ಫ್ಯಾನಿನ ಸದ್ದು. ಆ ಹೊತ್ತಿನಲ್ಲಿ ಇನ್ನೊಬ್ಬರು ಎಲ್ಲೋ ಎಚ್ಚರವಾಗಿದ್ದಾರೆ ಅಂತ ಗೊತ್ತಾಗಿದ್ದರೆ ಎಷ್ಟು ಹಗುರವಾಗುತ್ತಿತ್ತು. ಈ ಕಥೆ ನಿಂತಿರುವುದು ಅಷ್ಟರ ಮೇಲೆಯೇ. ಇಬ್ಬರೂ ನಡುರಾತ್ರಿ ಮನೆಯಿಂದ ಹೊರಬಂದು ಖಾಲಿ ಬೀದಿಯಲ್ಲಿ ನಡೆಯುತ್ತಾರೆ. ಪ್ರೀತಿ ಅನ್ನೋ ಪದ ಇನ್ನೂ ಯಾರ ಬಾಯಲ್ಲೂ ಬಂದಿಲ್ಲ. ಬರುವ ಅಗತ್ಯವೂ ನನಗೆ ಕಂಡಿಲ್ಲ. ವೀಕ್ಷಣಾಲಯ ಉಳಿಸಿಕೊಳ್ಳಬೇಕಾದರೆ ಖಗೋಳ ಕ್ಲಬ್ಬನ್ನು ಮತ್ತೆ ಶುರು ಮಾಡಬೇಕು. ಮಲಗುವ ಜಾಗಕ್ಕೋಸ್ಕರ ಶುರುವಾದದ್ದು ಹಾಗೆ ನಿಧಾನಕ್ಕೆ ನಕ್ಷತ್ರಗಳ ಕಡೆ ತಿರುಗಿದೆ. ಮಾಗಾರಿಗೆ ನಿದ್ದೆ ಯಾಕೆ ಬರುವುದಿಲ್ಲ ಅನ್ನೋದು, ಮಾಂಗಾ ಓದಿದವರೇ, ಕಾಮೆಂಟಿನಲ್ಲಿ ಹೇಳಬೇಡಿ.

ಇದರಲ್ಲಿ ಕೊರತೆ ಇಲ್ಲ ಅನ್ನೋಲ್ಲ. ಹಗಲಿನ ದೃಶ್ಯಗಳಲ್ಲಿ ಪಾತ್ರಗಳು ಕೆಲವು ಸಲ ಗೊಂಬೆಯ ಹಾಗೆ ನಿಂತುಬಿಡುತ್ತವೆ. ಕ್ಲಾಸಿನ ಮಿಕ್ಕ ಮಕ್ಕಳಿಗೆ ಇನ್ನೂ ಜೀವ ಬಂದಿಲ್ಲ. ಆದರೆ ಕತ್ತಲಾದ ಮೇಲೆ ಆ ಊರನ್ನು ಬರೆದ ರೀತಿ ನೋಡಿ. ಬೀದಿದೀಪ, ಸೇತುವೆ, ನೀರಿನ ಮೇಲೆ ಬಿದ್ದ ಬೆಳಕು. ನಾನಾವೊದಲ್ಲಿ ಹೋಗಿ ನಿಂತರೆ ಈ ಜಾಗಗಳು ನಿಜವಾಗಿಯೂ ಸಿಗುತ್ತವೆ. ಪ್ರತಿವರ್ಷ ಮೇ 3ರಿಂದ 5ರವರೆಗೆ ಅಲ್ಲಿ ಸೇಹಾಕು ಹಬ್ಬ. ಸುಮಾರು 12 ಮೀಟರ್ ಎತ್ತರದ ದೊಡ್ಡ ಮರದ ರಥಗಳನ್ನು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಚಿತ್ರ ನೋಡಿದಾಗ ನನಗೆ ಶಿರಸಿ ಜಾತ್ರೆಯ ತೇರು ನೆನಪಾಯಿತು.

ಈ ವಾರದ ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ.

'ದಿ ಡೇಂಜರ್ಸ್ ಇನ್ ಮೈ ಹಾರ್ಟ್' ಮೊದಲ ಕಂತು ನೋಡಿ ಬಿಟ್ಟವರು ಬಹಳ ಜನ. ಅವರ ತಪ್ಪಲ್ಲ. ಕ್ಲಾಸಿನ ಹುಡುಗಿಯನ್ನು ಕೊಲ್ಲುವ ಕನಸು ಕಾಣುವ ಹುಡುಗನ ಜೊತೆ ಇಪ್ಪತ್ತು ನಿಮಿಷ ಕೂರುವುದು ಕಷ್ಟ. ಆದರೆ ಆ ಹುಡುಗ ಇಚಿಕಾವಾ ಇನ್ನೂ ನಮ್ಮ ಎಂಟನೇ ಕ್ಲಾಸಿನ ವಯಸ್ಸಿನವನು. ತನ್ನನ್ನು ಯಾರೂ ನೋಡುವುದಿಲ್ಲ ಅಂತ ನಂಬಿಕೊಂಡು ತಾನೇ ಒಂದು ಭಯಂಕರ ವೇಷ ಹಾಕಿಕೊಂಡಿದ್ದಾನೆ. ಆ ಹುಡುಗಿ, ಯಮಾದಾ, ಲೈಬ್ರರಿಯಲ್ಲಿ ಕದ್ದು ತಿಂಡಿ ತಿನ್ನುವುದನ್ನು ನೋಡುತ್ತಾ ನೋಡುತ್ತಾ ಆ ವೇಷ ಕಳಚುತ್ತದೆ. ಅವಳ ಮೂಗಿಗೆ ಚೆಂಡು ಬಡಿದು, ಮಾಡೆಲಿಂಗ್ ಕೆಲಸ ಕೈತಪ್ಪಿ, ಸ್ಕೂಲಿನ ಆರೈಕೆ ಕೋಣೆಯ ಪರದೆಯ ಹಿಂದೆ ಅಳುತ್ತಾಳಲ್ಲ, ಅದನ್ನು ಕೇಳಿಸಿಕೊಂಡು ಈ ಹುಡುಗನಿಗೂ ಅಳು ಬರುತ್ತದೆ. ತನಗೆ ಏನಾಗಿದೆ ಅಂತ ಅವನಿಗೆ ಗೊತ್ತಾಗುವುದು ಆಗ. ಈ ಸೀಸನ್ನಿನಲ್ಲಿ ಇದುವರೆಗೆ ನಾನು ನೋಡಿದ ಅತಿ ಒಳ್ಳೆಯ ದೃಶ್ಯ ಅದು. ಅಲ್ಲಿವರೆಗಾದರೂ ನೋಡಿ, ಆಮೇಲೆ ಬಿಡುವುದಾದರೆ ಬಿಡಿ.

'ಯಮಾದಾ-ಕುನ್ ಎಲ್‌ವಿ999' ಮ್ಯಾಡ್‌ಹೌಸ್ ಸ್ಟುಡಿಯೋದ್ದು, ಇವನು ಬೇರೆ ಯಮಾದಾ. ಬಣ್ಣ ಚೆಂದ, ನಗು ಬರುತ್ತದೆ. ಕಾಲೇಜು ಹುಡುಗಿ, ಹೈಸ್ಕೂಲು ಹುಡುಗನ ಪ್ರೇಮಕಥೆ ಅನ್ನೋದು ನನಗೆ ಇನ್ನೂ ಒಗ್ಗಿಲ್ಲ. ಮುಂದೆ ನೋಡೋಣ.

ಎಲ್ಲ ಕಂತು ಬಂದ ಮೇಲೆ ಒಂದೇ ಸಲ ಕೂತು ನೋಡಬಹುದಲ್ಲ ಅಂತ ತಮ್ಮ ಕೇಳುತ್ತಿರುತ್ತಾನೆ. ಯುದ್ಧದ ಕಥೆಯಾದರೆ ನಾನೂ ಹಾಗೇ ಮಾಡುತ್ತೇನೆ. ಆದರೆ ಮಿಕಾಳ ಮೇಲಿನ ಸಿಟ್ಟು ಇಳಿಯಲು ನನಗೆ ವಾರಗಳೇ ಬೇಕಾಯಿತು. ಕಂತು ಮುಗಿದ ತಕ್ಷಣ ಮುಂದಿನದು ಶುರುವಾಗಿದ್ದರೆ ಅವಳ ಬಗ್ಗೆ ನಾನು ಅಷ್ಟು ಯೋಚಿಸುತ್ತಲೇ ಇರಲಿಲ್ಲ. ನಡುವಿನ ಆರು ದಿನ ಆ ಮಕ್ಕಳು ನಮ್ಮ ಜೊತೆಗೇ ಇರುತ್ತಾರೆ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಮಲಗುವ ಮುಂಚೆ.

ಆ ಆರು ದಿನಗಳ ಒಳಗೇ ಈ ಸಲ ಭೂಮಿ ನಡುಗಿತು. ಜಪಾನಿನಲ್ಲಿ ಮೇ 5 ಮಕ್ಕಳ ದಿನ, ರಜೆ. ಹೊರಗಿದ್ದವರು ಮನೆಗೆ ಬಂದಿರುವ ವಾರ. ಒಂದೊಂದು ಊರು ಎಷ್ಟು ನಡುಗಿತು ಅಂತ ಹೇಳಲು ಜಪಾನಿನವರದ್ದು ಬೇರೆಯೇ ಒಂದು ಅಳತೆ, ಅದರ ಮೇಲಿನ ತುದಿ 7. ಸುಜುವಿನಲ್ಲಿ ದಾಖಲಾದದ್ದು ಅದಕ್ಕೆ ಒಂದೇ ಮೆಟ್ಟಿಲು ಕೆಳಗಿನ '6 ಮೇಲು'. ಒಬ್ಬರು ತೀರಿಕೊಂಡಿದ್ದಾರೆ. ಎಷ್ಟೋ ಮನೆ ಬಿದ್ದಿವೆ. ಅದೇ ರಾತ್ರಿ ಹತ್ತು ಗಂಟೆಗೆ ಎರಡು ನಿಮಿಷ ಇರುವಾಗ ಇನ್ನೊಂದು, 5.9. ಅಲ್ಲಿ 2020ರ ಡಿಸೆಂಬರಿನಿಂದ ನೆಲ ಸಣ್ಣದಾಗಿ ನಡುಗುತ್ತಲೇ ಇದೆಯಂತೆ. ಅಂದರೆ ನಾನು ಮಿತ್ಸುಮಿಯ ಊರಿನ ನೀಲಿ ಸಮುದ್ರ ನೋಡಿ ಹಾಯಾಗಿ ಕೂತಿದ್ದಾಗಲೂ ಅಲ್ಲಿನವರು ಅದರ ಜೊತೆಗೇ ಬದುಕುತ್ತಿದ್ದರು.

ಊರು ಬಿಟ್ಟವರಿಗೆ ಇಂಥ ಸುದ್ದಿ ಹೇಗೆ ಮುಟ್ಟುತ್ತದೆ ಅಂತ ನನಗೆ ಗೊತ್ತು. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದ ಸುದ್ದಿ ಬಂದರೆ ಮೊದಲು ಮನೆಗೆ ಫೋನು. ಲೈನು ಸಿಗುವುದಿಲ್ಲ. ಪಕ್ಕದ ಮನೆಗೆ, ಅಂಗಡಿಗೆ, ಪೇಟೆಯಲ್ಲಿರುವ ಮಾವನಿಗೆ ಒಬ್ಬೊಬ್ಬರಿಗೇ ಮಾಡುತ್ತಾ ಹೋಗುತ್ತೇವೆ. ಶುಕ್ರವಾರ ಟೋಕಿಯೋದಲ್ಲಿ ಎಷ್ಟೋ ಮಿತ್ಸುಮಿಗಳು ಹಾಗೆ ಫೋನು ಹಿಡಿದು ನಿಂತಿದ್ದಿರಬೇಕು.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. 'ಇನ್‌ಸೋಮ್ನಿಯಾಕ್ಸ್' ನೋಡಲು ಶುರು ಮಾಡಿದ ಮೇಲೆ ನಕ್ಷತ್ರಗಳ ಹೆಸರು ಹುಡುಕಿ ಓದುವ ಅಭ್ಯಾಸ ಆಗಿದೆ. ನಾವು ಬ್ರಹ್ಮಹೃದಯ ಅನ್ನುವ ನಕ್ಷತ್ರಕ್ಕೆ ಜಪಾನಿನ ಪಶ್ಚಿಮ ಕರಾವಳಿಯ ಕೆಲವು ಕಡೆ ನೋತೋ-ಬೋಶಿ ಅನ್ನುತ್ತಾರೆ. ನೋತೋ ನಕ್ಷತ್ರ. ಅಲ್ಲಿನವರು ನೋಡಿದರೆ ಅದು ನೋತೋ ಇರುವ ದಿಕ್ಕಿನಲ್ಲಿ ಹುಟ್ಟುತ್ತದೆ, ಅದಕ್ಕೆ ಆ ಹೆಸರು. ಈ ತಿಂಗಳು ನಮಗೆ ಅದು ಸಂಜೆ ವಾಯವ್ಯದಲ್ಲಿ ಕಾಣುತ್ತದೆ, ರಾತ್ರಿ ಹತ್ತರೊಳಗೆ ಮುಳುಗಿಹೋಗುತ್ತದೆ. ನಿನ್ನೆ ಊಟಕ್ಕೆ ಮುಂಚೆ ಟೆರೇಸಿಗೆ ಹೋದೆ. ಮೋಡವಿತ್ತು. ಅರ್ಧ ಗಂಟೆ ಕಾದೆ. ಎಂಟೂವರೆ ಹೊತ್ತಿಗೆ ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕಿನ ಮೇಲೆ ಮೋಡ ಸರಿದು ಒಂದು ಚುಕ್ಕಿ ಕಂಡಿತು, ಸ್ವಲ್ಪ ಹಳದಿ. ಅಮ್ಮನಿಗೆ ಫೋನ್ ಮಾಡಿ ಅಂಗಳಕ್ಕೆ ಬಾ ಅಂದೆ. ತೋಟದ ಕಡೆ, ಅಡಿಕೆ ಮರದ ತಲೆಗಿಂತ ಚೂರು ಮೇಲೆ ನೋಡು ಅಂದೆ. ಅವಳಿಗೂ ಕಂಡಿತು.