ಬ್ಯಾಗಿನಲ್ಲಿ ಬಚ್ಚಿಟ್ಟ ಫ್ಲಾಸ್ಕ್

“ಡಾಕ್ಟ್ರಿಗೆ ಮಾತ್ರ ಹೇಳ್ಬೇಡಮ್ಮ, ಬೈತಾರೆ.” ಈ ಸಲ ಇಂಗ್ಲೆಂಡಿನಿಂದ ರಜೆಗೆ ಬಂದಾಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಕ್ಯಾನ್ಸರ್ ರೋಗಿಗಳಿಗೆ ಕೀಮೋ ಕೊಡುವ ವಾರ್ಡಿನ ಹೊರಗೆ ಕಿವಿಗೆ ಬಿದ್ದ ಮಾತಿದು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹೇಳಿದ್ದಷ್ಟೇ ತಡ, ತಾಯಿಗೆ ಕುಡಿಸಲು ತಂದಿದ್ದ ಕಷಾಯದ ಫ್ಲಾಸ್ಕನ್ನು ಮಗಳು ಬ್ಯಾಗಿನೊಳಗೆ ತುರುಕಿ ಜಿಪ್ ಎಳೆದಳು. ಕಷಾಯ ತಂದದ್ದು ಕಂಡು ಬೇಸರವಾಗಲಿಲ್ಲ. ಬೇಸರವಾದದ್ದು ಆ ಜಿಪ್ ಎಳೆದದ್ದಕ್ಕೆ.

ಇಂಗ್ಲೆಂಡಿನ ಕೀಮೋ ವಾರ್ಡಿನಲ್ಲಿ ಡ್ರಿಪ್ ಹಾಕುವ ಮೊದಲೇ ನರ್ಸ್ ಕೇಳುತ್ತಾರೆ: ನಾವು ಬರೆದುಕೊಟ್ಟದ್ದು ಬಿಟ್ಟು ಮತ್ತೇನು ತಗೊಳ್ತಿದ್ದೀರಿ? ವಿಟಮಿನ್, ಗಿಡಮೂಲಿಕೆ, ಪುಡಿ, ಏನಿದ್ದರೂ ಹೇಳಿ. ಬೈಗುಳವಿಲ್ಲ, ಮುಖ ಸಿಂಡರಿಸುವುದಿಲ್ಲ. ಬರೆದುಕೊಳ್ಳುತ್ತಾರೆ, ಫಾರ್ಮಸಿಸ್ಟ್ ಪರಿಶೀಲಿಸುತ್ತಾರೆ. ನಮ್ಮಲ್ಲಿ ಬಿಪಿ, ಶುಗರ್ ಮಾತ್ರೆ ವಿಚಾರಿಸುವಲ್ಲಿಗೆ ಮಾತು ಮುಗಿಯುತ್ತದೆ.

ಬಚ್ಚಿಟ್ಟರೆ ಏನು ನಷ್ಟ ಎಂದು ಕೇಳುವವರು ಲಿವರ್ ಪರೀಕ್ಷೆಯನ್ನು ನೆನೆಯಬೇಕು. ಅಶ್ವಗಂಧ, ಅಮೃತಬಳ್ಳಿ ಎರಡರಿಂದಲೂ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಎಲ್ಲರಿಗೂ ಆಗುವುದಿಲ್ಲ, ನಿಜ. ಆದರೆ ಕೀಮೋದ ಮೂರನೇ ಸರದಿಗೆ, ಅಂದರೆ ಮೂರನೇ ಸೈಕಲ್‌ಗೆ ಮುಂಚೆ ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆಯ ಅಂಕಿ ಏರಿದ್ದು ಕಂಡ ಡಾಕ್ಟರ್ ಯಾವುದನ್ನು ಅನುಮಾನಿಸಬೇಕು? ಅವರಿಗೆ ಗೊತ್ತಿರುವುದು ತಾವು ಕೊಟ್ಟ ಕೀಮೋ ಒಂದೇ. ಡೋಸ್ ಇಳಿಸುತ್ತಾರೆ, ಇಲ್ಲವೇ ಸೈಕಲ್ ಮುಂದೂಡುತ್ತಾರೆ. ಗಡ್ಡೆಯನ್ನು ಕರಗಿಸುತ್ತಿದ್ದ ಔಷಧಿಯೇ ಕಡಿಮೆಯಾಗುತ್ತದೆ, ಕಷಾಯ ಮಾತ್ರ ಬೆಳಗ್ಗೆ ಸಂಜೆ ಮುಂದುವರಿಯುತ್ತದೆ.

“ಎರಡು ಗಂಟೆ ಅಂತರ ಬಿಟ್ರೆ ಏನೂ ಆಗಲ್ಲ” ಎಂಬ ಇನ್ನೊಂದು ನಂಬಿಕೆಯಿದೆ. ಇಸಬ್ಗೋಲ್‌ನಂಥವು ಹೊಟ್ಟೆಯಲ್ಲಿ ಮಾತ್ರೆಗೆ ಅಂಟಿಕೊಂಡು ಹೀರಿಕೆ ತಪ್ಪಿಸುವುದನ್ನು ಅಂತರ ತಡೆದೀತು, ಅಷ್ಟೇ. ಔಷಧಿಯನ್ನು ಅರಗಿಸುವ ಕಿಣ್ವವನ್ನೇ ಕಟ್ಟಿಹಾಕುವ ವಸ್ತುಗಳಿಗೆ ಗಡಿಯಾರದ ಹಂಗಿಲ್ಲ. ನಮ್ಮ ದೇವನಹಳ್ಳಿ ಚಕ್ಕೋತವನ್ನೇ ತಗೊಳ್ಳಿ. ಅದು ಗ್ರೇಪ್‌ಫ್ರೂಟಿನ ದಾಯಾದಿ. ಕರುಳಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವವನ್ನು ಕೆಡಿಸುತ್ತದೆ. ಗ್ರೇಪ್‌ಫ್ರೂಟ್ ತಿಂದ ಮೇಲೆ ಆ ಕಿಣ್ವ ಪೂರ್ತಿ ಚೇತರಿಸಿಕೊಳ್ಳಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ನುಂಗಿದ ಕೆಲವು ಕ್ಯಾನ್ಸರ್ ಮಾತ್ರೆಗಳ ಮಟ್ಟ ರಕ್ತದಲ್ಲಿ ಅಳತೆ ಮೀರುತ್ತದೆ. ಅರಿಶಿನದ ಕಥೆ ಇದಕ್ಕೆ ತಿರುಗುಮುರುಗು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರೂ ಅಂಜಬೇಕಿಲ್ಲ. ಕಾಳುಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ (ಅರಿಶಿನದಿಂದ ತೆಗೆದ ಸಾರ) ಕ್ಯಾಪ್ಸೂಲ್ ಬೇರೆ. ಸ್ತನ ಕ್ಯಾನ್ಸರಿನ ಮಾತ್ರೆ ಟ್ಯಾಮಾಕ್ಸಿಫೆನ್ ದೇಹದೊಳಗೆ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೇ ಚೆನ್ನಾಗಿ ಕೆಲಸ ಮಾಡುವುದು. ಈ ಕ್ಯಾಪ್ಸೂಲ್ ಜೊತೆಗಿದ್ದಾಗ ಎಂಡಾಕ್ಸಿಫೆನ್ ಮಟ್ಟ ಇಳಿದದ್ದನ್ನು 2019ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಳೆದು ತೋರಿಸಿದ್ದಾರೆ.

ಎಲ್ಲಕ್ಕಿಂತ ಹೆದರಿಕೆಯಾಗುವುದು ಜ್ವರದ ಕಷಾಯದ ಬಗ್ಗೆ. ಹಲವು ಬಗೆಯ ಕೀಮೋದಲ್ಲಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತಳ ಕಾಣುತ್ತದೆ. ಆಗ 100.4 ಡಿಗ್ರಿ ಎಂದರೆ ನೇರ ಎಮರ್ಜೆನ್ಸಿಗೆ ಓಡಬೇಕು. ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. “ಒಂದ್ ರಾತ್ರಿ ಅಮೃತಬಳ್ಳಿ ಕುಡಿಸಿ ನೋಡೋಣ” ಎಂದು ಬೆಳಗು ಮಾಡಿದರೆ ಸೋಂಕು ರಕ್ತಕ್ಕಿಳಿದಿರಬಹುದು.

ಲಕ್ಷ್ಮಣಫಲದ ಎಲೆ, ಮಲೆನಾಡಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಮರದ ಚಕ್ಕೆ, ಹೆಸರಿಲ್ಲದ ಭಸ್ಮದ ಪೊಟ್ಟಣ ಇವುಗಳ ಬಗ್ಗೆ ಹೆಚ್ಚು ಮಾತು ಬೇಡ. ಲಕ್ಷ್ಮಣಫಲದಲ್ಲಿ ನರಗಳಿಗೆ ವಿಷವಾಗುವ ಅನೋನಾಸಿನ್ ಇದೆ. ಲೇಬಲ್ ಇಲ್ಲದ ಭಸ್ಮದಲ್ಲಿ ಸೀಸ, ಪಾದರಸ ಎಷ್ಟಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಬಿಟ್ಟುಬಿಡಿ.

ಹಾಗೆಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎಸೆಯಬೇಕಿಲ್ಲ. ದಿನಕ್ಕೆ ಅರ್ಧದಿಂದ 1 ಗ್ರಾಂ ಶುಂಠಿಗೆ ಸಮನಾದ ಸಾರದ ಕ್ಯಾಪ್ಸೂಲ್, ಕೀಮೋಗೆ ಮೂರು ದಿನ ಮುಂಚಿನಿಂದ, ವಾಂತಿ ಮಾತ್ರೆಯ ಜೊತೆಗೆ ಕೊಟ್ಟಾಗ ಮೊದಲ ದಿನದ ವಾಕರಿಕೆ ತಗ್ಗಿದೆ. 576 ರೋಗಿಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಅದು. ಪ್ಲೇಟ್‌ಲೆಟ್ ಇಳಿದಿದ್ದರೆ ಮಾತ್ರ ಕೇಳಿಯೇ ಕೊಡಬೇಕು. ಬಾಯಿಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಹಾಕಿ ಮುಕ್ಕಳಿಸಿ ಉಗಿಯುವುದು ಒಳ್ಳೆಯದು. ಅತಿಮಧುರ ಬಾಯಿಗೆ ಹಿತವೇ, ಆದರೆ ಅದು ಪೊಟ್ಯಾಸಿಯಂ ಇಳಿಸುತ್ತದೆ. ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಕೂಡ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪೀತು. ತ್ರಿಫಲಾ ಮಲಬದ್ಧತೆಗೆ ಸರಿ, ಭೇದಿ ಶುರುವಾದ ದಿನ ನಿಲ್ಲಿಸಲೇಬೇಕು.

ಇಂಗ್ಲೆಂಡನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಅಲ್ಲಿ ಪ್ರಶ್ನೆ ಇದೆ, ಉತ್ತರ ತಿಳಿಯುವವರು ಕಡಿಮೆ. ದಶಮೂಲಾರಿಷ್ಟ ಎಂದರೆ ಪೆನ್ನು ನಿಲ್ಲುತ್ತದೆ. “ಎಲ್ಲಾ ನಿಲ್ಲಿಸಿ” ಎಂಬುದೇ ಸುಲಭದ ಉತ್ತರವಾಗುತ್ತದೆ. ಬಾಯಿರುಚಿ ಸತ್ತವರಿಗೆ ಗಂಜಿಯನ್ನು ಎಷ್ಟು ತೆಳ್ಳಗೆ ಮಾಡಬೇಕು, ಅದಕ್ಕೆ ಹುರಿದ ಜೀರಿಗೆ ಯಾವಾಗ ಹಾಕಬೇಕು ಎಂದು ಹೇಳಿಕೊಡುವವರು ಅಲ್ಲಿಲ್ಲ. ಎಷ್ಟೋ ಜನ ಕೀಮೋಗೆ ಒಬ್ಬರೇ ಬಸ್ಸಿನಲ್ಲಿ ಬಂದು ಒಬ್ಬರೇ ಹೋಗುತ್ತಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ, ನಿಮ್ಹಾನ್ಸ್‌ನಲ್ಲಿ ಅಲೋಪತಿ ಜೊತೆ ಯೋಗ, ಆಯುರ್ವೇದ ಕೂಡಿಸುವ ವಿಭಾಗವೇ ಇದೆ. ರೋಗಿಯ ಜೊತೆ ಮೂರು ಜನ ಬರುತ್ತಾರೆ. ಇಲ್ಲಿ ಇಲ್ಲದ್ದು ಆ ಒಂದು ಪ್ರಶ್ನೆ.

ಅದನ್ನು ಇಂಗ್ಲೆಂಡಿನ ಮಾದರಿಯಲ್ಲಿ ಕೇಳಿದರೂ ಆಗದು. “ಬೇರೆ ಔಷಧಿ ತಗೋತೀರಾ?” ಎಂದರೆ ನಮ್ಮ ತಾಯಂದಿರು “ಇಲ್ಲಪ್ಪ” ಎನ್ನುತ್ತಾರೆ. ಸುಳ್ಳಲ್ಲ ಅದು, ಕಷಾಯ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. “ಬೆಳಗ್ಗೆ ಎದ್ದು ಬರೀ ಹೊಟ್ಟೆಗೆ ಏನ್ ಕುಡಿದ್ರಿ ಅಮ್ಮ? ಲೇಹ್ಯ, ಪುಡಿ, ಚಕ್ಕೆ ನೀರು ಏನಾದ್ರೂ ಇದ್ಯಾ? ಯಾರು ಕೊಟ್ರು, ಎಷ್ಟು ದಿನದಿಂದ, ಎಷ್ಟು ಚಮಚ?” ಎಂದು ಕೇಳಬೇಕು. ಸಿಸ್ಟರ್ ಕೇಳದಿದ್ದರೆ ಮಗಳೇ ಬಾಟಲಿಯ ಲೇಬಲ್ಲಿನ ಫೋಟೋ ತೆಗೆದು ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಲಿ, ಫ್ಲಾಸ್ಕನ್ನು ಮೇಜಿನ ಮೇಲಿಡಲಿ.